ಬೇಡವೆನ್ನುವುದಕ್ಕೂ ಬೇಕಾದ ಬಂಡವಾಳ: ವಾಷಿಂಗ್ಟನ್ನಿನ ಡಿಸ್ಕಾರ್ಡ್ ಬಳಗದ ಒಂದು ಪ್ರಕರಣ ಅಧ್ಯಯನ

1994ರ ಫೆಬ್ರವರಿಯಲ್ಲಿ ಜಾಬಾಕ್ಸ್ ಎಂಬ ಬ್ಯಾಂಡಿನ ಮೂರನೆಯ ಆಲ್ಬಂ ಅಟ್ಲಾಂಟಿಕ್ ರೆಕಾರ್ಡ್ಸ್‌ನಿಂದ ಹೊರಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಶಡರ್ ಟು ಥಿಂಕ್ ಎಂಬ ಮತ್ತೊಂದು ಬ್ಯಾಂಡಿನ ಆಲ್ಬಂ ಎಪಿಕ್‌ನಿಂದ ಬಂತು. ಅಟ್ಲಾಂಟಿಕ್ ಆಗ ಟೈಮ್ ವಾರ್ನರ್ ಸಮೂಹದ ಅಂಗ, ಎಪಿಕ್ ಸೋನಿಯ ಸ್ವತ್ತು. ಅದುವರೆಗೆ ಈ ಎರಡೂ ಬ್ಯಾಂಡುಗಳ ಬಹುತೇಕ ಆಲ್ಬಂಗಳನ್ನು ಹೊರತಂದಿದ್ದದ್ದು ವಾಷಿಂಗ್ಟನ್ ಡಿ.ಸಿ.ಯ ಡಿಸ್ಕಾರ್ಡ್ ರೆಕಾರ್ಡ್ಸ್ ಎಂಬ ಸಣ್ಣ ಲೇಬಲ್, ಅಂದರೆ ಧ್ವನಿಮುದ್ರಿಕೆ ಹೊರತರುವ ಸಂಸ್ಥೆ. ಡಿಸ್ಕಾರ್ಡ್ ಬಿಟ್ಟು ದೊಡ್ಡ ಕಂಪನಿಗೆ ಸಹಿ ಹಾಕಿದ ಬ್ಯಾಂಡುಗಳು ಇವೆರಡೇ. ಇದಕ್ಕೆ ಕೆಲವೇ ತಿಂಗಳು ಮೊದಲು, 1993ರ ಸೆಪ್ಟೆಂಬರಿನಲ್ಲಿ, ನ್ಯೂಯಾರ್ಕಿನ ರೋಸ್‌ಲ್ಯಾಂಡ್ ಸಭಾಂಗಣದಲ್ಲಿ ಡಿಸ್ಕಾರ್ಡ್‌ನದೇ ಆದ ಫುಗಾಜಿ ಎಂಬ ಬ್ಯಾಂಡಿನ ಕಾರ್ಯಕ್ರಮ ನಡೆದಾಗ ಅಟ್ಲಾಂಟಿಕ್‌ನ ಸಹಸ್ಥಾಪಕ ಅಹ್ಮೆತ್ ಎರ್ಟೆಗುನ್ ಅವರೇ ಖುದ್ದಾಗಿ ವೇದಿಕೆಯ ಹಿಂಬದಿಗೆ ಬಂದು ಆ ಬ್ಯಾಂಡನ್ನು ತಮ್ಮ ಕಂಪನಿಗೆ ಕರೆದಿದ್ದರು. ಫುಗಾಜಿ ಒಪ್ಪಲಿಲ್ಲ.

ಊರು ಒಂದೇ, ಲೇಬಲ್ ಒಂದೇ, ಗೆಳೆಯರ ಬಳಗವೂ ಒಂದೇ. ಫುಗಾಜಿಯ 1990ರ ಮತ್ತು 1993ರ ಆಲ್ಬಂಗಳನ್ನು ನಿರ್ಮಿಸಿದ ಟೆಡ್ ನೈಸ್ಲಿಯವರೇ ಜಾಬಾಕ್ಸ್ ಅಟ್ಲಾಂಟಿಕ್‌ಗಾಗಿ ಮಾಡಿದ ಆಲ್ಬಮನ್ನೂ ನಿರ್ಮಿಸಿದರು. ಹೀಗಿದ್ದೂ ಒಂದು ಬ್ಯಾಂಡು ಬೇಡವೆಂದಿತು, ಎರಡು ಹೋದವು. ಪಂಕ್ ಎಂಬ ವೇಗದ, ಒರಟು ರಾಕ್ ಸಂಗೀತದ ಆ ಕಾಲದ ಅಭಿಮಾನಿಗಳಲ್ಲಿ ಅನೇಕರು ಇದನ್ನು ನಿಷ್ಠೆ ಮತ್ತು ದ್ರೋಹದ ಪ್ರಶ್ನೆಯಾಗಿ ನೋಡಿದರು. ಈಗಲೂ ಹಾಗೆಯೇ ಹೇಳುವವರಿದ್ದಾರೆ. ಈ ಬರಹ ಆ ತೀರ್ಪನ್ನು ಒಪ್ಪುವುದಿಲ್ಲ. ಬೇಡವೆನ್ನುವುದಕ್ಕೂ ಬಂಡವಾಳ ಬೇಕು ಎಂಬುದನ್ನು, ಆ ಬಂಡವಾಳದ ಬಹುಭಾಗವನ್ನು ಸ್ನೇಹವೇ ಒದಗಿಸಿತೆಂಬುದನ್ನು, ಆದರೆ ಅದು ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗಲಿಲ್ಲವೆಂಬುದನ್ನು ಈ ಪ್ರಕರಣದ ವಿವರಗಳಿಂದಲೇ ತೋರಿಸುವುದು ಇಲ್ಲಿನ ಉದ್ದೇಶ.

ಬಳಗ ಕೂಡಿದ ಬಗೆ

ಡಿಸ್ಕಾರ್ಡ್ ಹುಟ್ಟಿದ್ದು 1980ರ ಕೊನೆಯಲ್ಲಿ. ನಗರದ ವಾಯವ್ಯ ಭಾಗದ ವಿಲ್ಸನ್ ಹೈಸ್ಕೂಲಿನ ಸುತ್ತ ಸೇರಿದ್ದ ಹುಡುಗರ ಟೀನ್ ಐಡಲ್ಸ್ ಎಂಬ ಬ್ಯಾಂಡು ಒಂದು ವರ್ಷ ನುಡಿಸಿ ಮುರಿದುಬಿತ್ತು. ಅವರು ಕಾರ್ಯಕ್ರಮಗಳಿಂದ ಬಂದ ಹಣವನ್ನು ಹಂಚಿಕೊಳ್ಳದೆ ಒಟ್ಟಿಗೆ ಇಟ್ಟಿದ್ದರು. ಅದು ಕೆಲವು ನೂರು ಡಾಲರುಗಳಷ್ಟಾಗಿತ್ತು. ಆ ಹಣದಿಂದ, ಬ್ಯಾಂಡು ಇಲ್ಲವಾದ ಮೇಲೂ, ಎಂಟು ಹಾಡುಗಳ ಏಳು ಇಂಚಿನ ಧ್ವನಿಮುದ್ರಿಕೆಯೊಂದನ್ನು ತರುವುದೆಂದು ಇಯನ್ ಮಕಾಯ್, ಜೆಫ್ ನೆಲ್ಸನ್ ಮತ್ತು ಗಾಯಕ ನೇಥನ್ ಸ್ಟ್ರೆಜೆಕ್ ನಿರ್ಧರಿಸಿದರು. ಲಕೋಟೆ ಹೇಗೆ ಮಾಡಬೇಕೆಂಬುದು ತಿಳಿಯದಿದ್ದಾಗ ಅಂಗಡಿಯಲ್ಲಿ ಸಿಗುವ ಒಂದು ಧ್ವನಿಮುದ್ರಿಕೆಯ ಲಕೋಟೆಯನ್ನು ಬಿಚ್ಚಿ ಹರಡಿ, ಅದರ ಅಳತೆಯಲ್ಲಿ ಕಾಗದ ಮುದ್ರಿಸಿ, ಗೆಳೆಯರೆಲ್ಲ ಕೂತು ಕತ್ತರಿಸಿ, ಮಡಚಿ, ಅಂಟು ಹಚ್ಚಿದರು. ಮೊದಲ ಕೆಲವು ಬಿಡುಗಡೆಗಳಿಗೆ ಹೀಗೆಯೇ ನಡೆಯಿತು. ಎರಡನೆಯ ಬಿಡುಗಡೆಯಾದ ಎಸ್.ಒ.ಎ. ಬ್ಯಾಂಡಿನ ಮುದ್ರಿಕೆಗೆ ಅದರ ಗಾಯಕ ಹೆನ್ರಿ ರಾಲಿನ್ಸ್ ಐಸ್‌ಕ್ರೀಂ ಅಂಗಡಿಯ ಸಂಬಳದಲ್ಲಿ ಉಳಿಸಿದ ಹಣ ಒದಗಿತು. ಮುದ್ರಿಕೆಗಳ ಮೇಲೆ ಅಚ್ಚಾದ ಅಂಚೆ ವಿಳಾಸ ಮಕಾಯ್ ಅವರ ತಂದೆತಾಯಿಯ ಮನೆಯದು.

ಈ ವಿವರಗಳನ್ನು ಹೇಳುವಾಗ ಉತ್ಸಾಹದ ಕಥೆಯಷ್ಟೇ ಉಳಿದು ಲೆಕ್ಕ ಮರೆಯಾಗುವುದುಂಟು. ಗೆಳೆಯರು ಸಂಬಳವಿಲ್ಲದೆ ದುಡಿದದ್ದು, ಪರಸ್ಪರ ಭರವಸೆ ಹೊರತು ಬೇರೆ ಅಡಮಾನವಿಲ್ಲದೆ ಹಣ ಹಾಕಿದ್ದು, ಹೆತ್ತವರ ಮನೆ ಕಚೇರಿಯಾಗಿ ಒದಗಿದ್ದು, ಇವೆಲ್ಲವೂ ಹಣದ ರೂಪದಲ್ಲಿ ಕಾಣಿಸದ ಬಂಡವಾಳವೇ. ಬ್ಯಾಂಕೊಂದು ಹದಿನೆಂಟರ ಹುಡುಗರಿಗೆ ಇಂಥ ಕೆಲಸಕ್ಕೆ ಸಾಲ ಕೊಡುವ ಸಾಧ್ಯತೆ ಇರಲಿಲ್ಲ. ಆ ಸಾಲ ಮತ್ತು ಕೂಲಿ ಎರಡರ ಜಾಗವನ್ನೂ ಸ್ನೇಹ ತುಂಬಿತು.

ಆದರೆ ಸ್ನೇಹ ಗಾಳಿಯಲ್ಲಿ ನಿಂತಿರಲಿಲ್ಲ. ಅದಕ್ಕೆ ಕೂಡಲು ಜಾಗ ಬೇಕಿತ್ತು, ಮತ್ತು ಆ ಜಾಗಗಳಲ್ಲಿ ಅನೇಕವು ಮಾರುಕಟ್ಟೆಯ ಹೊರಗಿನವು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಡಬ್ಲ್ಯು.ಜಿ.ಟಿ.ಬಿ. ಎಂಬ ರೇಡಿಯೋ ಕೇಂದ್ರವನ್ನು ಆಡಳಿತ ಮುಚ್ಚಿದಾಗ ಅದರ ಸಹಾಯಾರ್ಥ 1979ರ ಫೆಬ್ರವರಿ 3ರಂದು ಕ್ರ್ಯಾಂಪ್ಸ್ ಬ್ಯಾಂಡಿನ ಕಾರ್ಯಕ್ರಮ ನಡೆಯಿತು. ಮುಂದೆ ಬಳಗ ಕಟ್ಟಿದವರಲ್ಲಿ ಹಲವರು ಆ ರಾತ್ರಿ ಅಲ್ಲಿದ್ದರು. ವಿಲ್ಸನ್ ಹೈಸ್ಕೂಲಿನ ಎದುರಿನ ಫೋರ್ಟ್ ರೀನೋ ಉದ್ಯಾನದಲ್ಲಿ 1968ರಿಂದಲೂ ಬೇಸಿಗೆಯ ಉಚಿತ ಸಂಗೀತ ಕಾರ್ಯಕ್ರಮಗಳು ನಡೆಯುತ್ತಿದ್ದವು. ಸೇಂಟ್ ಸ್ಟೀಫನ್ಸ್ ಚರ್ಚಿನ ಸಭಾಂಗಣ ಮತ್ತು ವಿಲ್ಸನ್ ಸೆಂಟರ್ ಎಂಬ ಸಮುದಾಯ ಕೇಂದ್ರ ಅಗ್ಗಕ್ಕೆ ದೊರೆಯುತ್ತಿದ್ದವು. ಫುಗಾಜಿ 1987ರ ಸೆಪ್ಟೆಂಬರ್ 3ರಂದು ಮೊದಲ ಸಲ ನುಡಿಸಿದ್ದು ಈ ವಿಲ್ಸನ್ ಸೆಂಟರಿನಲ್ಲಿ. ಡಿ.ಸಿ.ಯಲ್ಲಿ ಮದ್ಯ ಮಾರುವ ಕ್ಲಬ್ಬುಗಳು ಊಟವನ್ನೂ ಕೊಡಬೇಕಿದ್ದ ಕಾರಣ ವಯಸ್ಸಿಗೆ ಬಾರದವರನ್ನು ಕಾನೂನು ಒಳಗೆ ಬಿಡುತ್ತಿತ್ತು, ತಡೆಯುತ್ತಿದ್ದವರು ಮಾಲೀಕರು. 1980ರಲ್ಲಿ ಟೀನ್ ಐಡಲ್ಸ್ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದಾಗ ಅಲ್ಲಿನ ಕ್ಲಬ್ಬಿನವರು ಕುಡಿಯುವ ವಯಸ್ಸಾಗದವರ ಕೈಮೇಲೆ ಕಪ್ಪು ಶಾಯಿಯಲ್ಲಿ ಎಕ್ಸ್ ಗುರುತು ಹಾಕಿ ಒಳಗೆ ಬಿಟ್ಟಿದ್ದರು. ಆ ಉಪಾಯವನ್ನು ಹುಡುಗರು ಊರಿಗೆ ತಂದು 9:30 ಕ್ಲಬ್ಬಿನವರನ್ನು ಒಪ್ಪಿಸಿದರು. ಹದಿಹರೆಯದವರು ಕೇಳುಗರಾಗಿ ಒಳಬಂದದ್ದರಿಂದಲೇ ಮುಂದಿನ ಬ್ಯಾಂಡುಗಳು ಹುಟ್ಟಿದವು.

ಬಾಡಿಗೆಯ ವಿಷಯವೂ ಹೀಗೆಯೇ. 1981ರಲ್ಲಿ ಮಕಾಯ್, ನೆಲ್ಸನ್ ಮತ್ತು ಗೆಳೆಯರು ಪೊಟೋಮ್ಯಾಕ್ ನದಿಯಾಚೆ ವರ್ಜೀನಿಯಾದ ಆರ್ಲಿಂಗ್ಟನ್ನಿನಲ್ಲಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದರು. ಅದೇ ಡಿಸ್ಕಾರ್ಡ್ ಹೌಸ್. ಅಲ್ಲಿಯೇ ವಾಸ, ಅಲ್ಲಿಯೇ ಕಚೇರಿ, ನೆಲಮಾಳಿಗೆಯಲ್ಲಿ ತಾಲೀಮು. ಹತ್ತಿರದ ಕ್ಲಾರೆಂಡನ್ ಪೇಟೆ ಆಗ ಮೆಟ್ರೋ ಕಾಮಗಾರಿಯಿಂದ ನಲುಗಿ ಅಗ್ಗವಾಗಿತ್ತು. ವಿಯೆಟ್ನಾಂನಿಂದ ಬಂದ ನಿರಾಶ್ರಿತರು ಅದೇ ಕಾರಣಕ್ಕೆ ಅಲ್ಲಿ ಅಂಗಡಿಗಳನ್ನು ತೆರೆದಿದ್ದರು. ಡಾನ್ ಝಿಯೆಂಟಾರಾ ತಮ್ಮ ಆರ್ಲಿಂಗ್ಟನ್ ಮನೆಯ ನೆಲಮಾಳಿಗೆಯಲ್ಲಿ ನಡೆಸುತ್ತಿದ್ದ ಇನ್ನರ್ ಇಯರ್ ಸ್ಟುಡಿಯೋದಲ್ಲಿ ಈ ಬಳಗದ ಬಹುತೇಕ ಧ್ವನಿಮುದ್ರಣಗಳಾದವು. ಮ್ಯಾಂಚೆಸ್ಟರಿನ ಸಮಾಜಶಾಸ್ತ್ರಜ್ಞ ನಿಕ್ ಕ್ರಾಸ್ಲಿ ಇಂಗ್ಲೆಂಡಿನ ಪಂಕ್ ನಗರಗಳ ಬಗ್ಗೆ ನಡೆಸಿದ ಅಧ್ಯಯನಗಳಲ್ಲಿ, ಆಸಕ್ತರು ಸಾಕಷ್ಟು ಸಂಖ್ಯೆಯಲ್ಲಿದ್ದರೆ ಸಾಲದು, ಅವರ ನಡುವೆ ದಟ್ಟವಾದ ಸಂಬಂಧಗಳು ಬೆಸೆದುಕೊಂಡಿರಬೇಕು ಎಂದು ವಾದಿಸಿದ್ದಾರೆ. ವಾಷಿಂಗ್ಟನ್ನಿನ ಮಟ್ಟಿಗೆ ಇದಕ್ಕೆ ಒಂದು ಮಾತನ್ನು ಸೇರಿಸಬೇಕೆನಿಸುತ್ತದೆ: ಅಗ್ಗದ ಬಾಡಿಗೆ ಮತ್ತು ಸಾರ್ವಜನಿಕ ಸ್ಥಳಗಳಿಲ್ಲದಿದ್ದರೆ ಆ ದಟ್ಟಣೆ ಒದಗುತ್ತಿರಲಿಲ್ಲ.

ನಗದಿನ ಗಂಟು

ಸ್ವತಂತ್ರ ಲೇಬಲ್‌ಗಳು ಸಾಯುವುದು ಬಹುಪಾಲು ಸೋಲಿನಿಂದಲ್ಲ, ಗೆಲುವಿನಿಂದ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದಾದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಮುದ್ರಿಕೆಗಳನ್ನು ಒತ್ತಿಕೊಡುವ ಕಾರ್ಖಾನೆಗೆ ಹಣವನ್ನು ಮುಂಚೆಯೇ ಕಟ್ಟಬೇಕು. ವಿತರಕ ಮಾತ್ರ ಸರಕು ತೆಗೆದುಕೊಂಡು ತಿಂಗಳುಗಟ್ಟಲೆ ಕಳೆದ ಮೇಲೆ ಹಣ ಕೊಡುತ್ತಾನೆ. ಎಷ್ಟೋ ಸಲ ಮುಂದಿನ ಹೆಸರಾಂತ ಮುದ್ರಿಕೆ ಕೈಸೇರುವವರೆಗೆ ಹಳೆಯ ಬಾಕಿಯನ್ನು ತೀರಿಸುವುದೇ ಇಲ್ಲ. ಹೀಗಾಗಿ ಒಂದು ಮುದ್ರಿಕೆಗೆ ಬೇಡಿಕೆ ಹೆಚ್ಚಿದಷ್ಟೂ ಲೇಬಲ್‌ನ ಕೈಯಲ್ಲಿ ನಗದು ಕಡಿಮೆಯಾಗುತ್ತದೆ. 1983ರಲ್ಲಿ ಮೈನರ್ ಥ್ರೆಟ್ ಬ್ಯಾಂಡಿನ ಆಲ್ಬಂ ಹೊರಬಂದು ಬೇಡಿಕೆ ಏರಿದಾಗ ಡಿಸ್ಕಾರ್ಡ್ ಇದೇ ಇಕ್ಕಟ್ಟಿಗೆ ಸಿಕ್ಕಿಕೊಂಡಿತು. ಅಂಗಡಿಗಳು ಕೇಳುತ್ತಿದ್ದವು, ಒತ್ತಿಸಲು ಹಣವಿರಲಿಲ್ಲ.

ಗಂಟನ್ನು ಬಿಚ್ಚಿದವರು ಲಂಡನ್ನಿನ ಸದರ್ನ್ ಸಂಸ್ಥೆಯ ಜಾನ್ ಲೋಡರ್. ಕ್ರಾಸ್ ಎಂಬ ಇಂಗ್ಲಿಷ್ ಪಂಕ್ ಬ್ಯಾಂಡಿನ ಒಡನಾಡಿಯಾಗಿದ್ದ ಅವರು ಮುದ್ರಿಕೆಗಳನ್ನು ತಮ್ಮ ಖರ್ಚಿನಲ್ಲಿ ಒತ್ತಿಸಿ, ಮಾರಿ, ಖರ್ಚು ಮುರಿದುಕೊಂಡು ಉಳಿದುದನ್ನು ಡಿಸ್ಕಾರ್ಡ್‌ಗೆ ಕೊಡುವ ಏರ್ಪಾಡನ್ನು ಮಾಡಿದರು. 2005ರಲ್ಲಿ ಅವರು ತೀರಿಕೊಳ್ಳುವವರೆಗೂ ಈ ನಂಟು ನಡೆಯಿತು. ಡಿಸ್ಕಾರ್ಡ್ ತಾನೇ ಎಲ್ಲವನ್ನೂ ಮಾಡಿಕೊಂಡ ಸಂಸ್ಥೆ ಎಂದು ಹೊಗಳುವವರು ಲೋಡರ್ ಹೆಸರನ್ನು ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ದೊಡ್ಡ ಲೋಪ. ಡಿಸ್ಕಾರ್ಡ್ ವಾಷಿಂಗ್ಟನ್ನಿನ ಬ್ಯಾಂಡುಗಳನ್ನು ಮಾತ್ರ ತರುತ್ತೇವೆಂಬ ನಿಯಮದಿಂದ ತನ್ನ ಗಾತ್ರಕ್ಕೆ ಮಿತಿ ಹಾಕಿಕೊಂಡಿತ್ತು, ನಿಜ. ಆದರೆ ಆ ಮಿತಿಯೊಳಗೆ ಅದು ನಿಶ್ಚಿಂತವಾಗಿ ಇರಬಲ್ಲದ್ದಾದದ್ದು ಕಾರ್ಖಾನೆಯಲ್ಲಿ ಸಾಗರದಾಚೆಯ ಸಮಾನಮನಸ್ಕನೊಬ್ಬನ ಲೆಕ್ಕದ ಮೇಲೆ ಅದಕ್ಕೆ ಸಾಲ ಹುಟ್ಟುತ್ತಿದ್ದುದರಿಂದ.

ಬಾಯಿಮಾತಿನ ಒಪ್ಪಂದ

ಡಿಸ್ಕಾರ್ಡ್ ಯಾವ ಬ್ಯಾಂಡಿನೊಂದಿಗೂ ಬರೆದ ಕರಾರು ಮಾಡಿಕೊಳ್ಳಲಿಲ್ಲ. ಖರ್ಚು ಕಳೆದು ಉಳಿದ ಲಾಭವನ್ನು ಹಂಚಿಕೊಳ್ಳುವುದು, ಬ್ಯಾಂಡು ಬಯಸಿದಾಗ ಹೋಗಬಹುದು ಎಂಬುದು, ಇಷ್ಟೇ ಮಾತು. ಇದನ್ನು ನೈತಿಕ ಆದರ್ಶವೆಂದು ಎತ್ತಿ ಹಿಡಿಯುವವರಿದ್ದಾರೆ, ಮಕ್ಕಳಾಟವೆಂದು ತಳ್ಳಿಹಾಕುವವರೂ ಇದ್ದಾರೆ. ಇದರ ಬೆಲೆ ಏನೆಂಬುದು ತಿಳಿಯಬೇಕಾದರೆ ಸಿಯಾಟಲ್‌ನ ಸಬ್ ಪಾಪ್ ಲೇಬಲ್ ಜೊತೆ ಹೋಲಿಸಬೇಕು. ಸಬ್ ಪಾಪ್‌ಗೆ ನಿರ್ವಾಣ ಬ್ಯಾಂಡಿನೊಂದಿಗೆ ಬರೆದ ಕರಾರಿತ್ತು; ಅದನ್ನು ಬೇಕೆಂದು ಕೇಳಿದ್ದು ಬ್ಯಾಂಡೇ. ನಿರ್ವಾಣ ಗೆಫನ್ ಕಂಪನಿಗೆ ಹೋದಾಗ ಆ ಕರಾರಿನ ಬಲದಿಂದ ಸಬ್ ಪಾಪ್‌ಗೆ 75,000 ಡಾಲರ್ ಮತ್ತು ಮುಂದಿನ ಮಾರಾಟದಲ್ಲಿ ಶೇಕಡಾ 2ರ ಪಾಲು ದೊರೆಯಿತು. ದಿವಾಳಿಯ ಅಂಚಿನಲ್ಲಿದ್ದ ಲೇಬಲ್ ಬದುಕಿಕೊಂಡಿತು. ಬದುಕಿದ ಮೇಲೆ 1995ರಲ್ಲಿ ತನ್ನ ಶೇಕಡಾ 49ರ ಒಡೆತನವನ್ನು ವಾರ್ನರ್‌ಗೆ ಮಾರಿತು.

ಜಾಬಾಕ್ಸ್ ಮತ್ತು ಶಡರ್ ಟು ಥಿಂಕ್ ಹೋಗುವಾಗ ಅಂಥ ಪಾಲು ಕೇಳುವ ಕಾಗದ ಡಿಸ್ಕಾರ್ಡ್ ಬಳಿ ಇರಲಿಲ್ಲ. ತಡೆಯುವುದಕ್ಕೂ ಇರಲಿಲ್ಲ. ಕರಾರಿಲ್ಲದ ಲೇಬಲ್ ತನ್ನ ಬ್ಯಾಂಡುಗಳನ್ನು ಆಸ್ತಿಯಾಗಿ ತೋರಿಸಿ ಸಾಲ ಎತ್ತಲಾರದು, ತನ್ನನ್ನು ತಾನು ಮಾರಿಕೊಳ್ಳಲೂ ಆಗದು, ಏಕೆಂದರೆ ಕೊಳ್ಳುವವನಿಗೆ ಸಿಗುವ ಸರಕೇ ಇಲ್ಲ. ದೊಡ್ಡ ಬಂಡವಾಳದ ಕಣ್ಣಿನಲ್ಲಿ ಡಿಸ್ಕಾರ್ಡ್ ಬಹುತೇಕ ಬೆಲೆಯಿಲ್ಲದ ಸಂಸ್ಥೆ. ಅದು ಉಳಿದುಕೊಂಡದ್ದಕ್ಕೆ ಇದೂ ಒಂದು ಮುಖ್ಯ ಕಾರಣವೆಂದು ನಾನು ನಂಬುತ್ತೇನೆ. ಬಾಯಿಮಾತು ಅಲ್ಲಿ ಒಂದು ಬಗೆಯ ಕಾವಲಾಗಿ ಕೆಲಸ ಮಾಡಿತು.

1991ರ ನಂತರ

1991ರ ಸೆಪ್ಟೆಂಬರಿನಲ್ಲಿ ಬಂದ ನಿರ್ವಾಣದ ಎರಡನೆಯ ಆಲ್ಬಂ 1992ರ ಜನವರಿಯಲ್ಲಿ ಅಮೆರಿಕದ ಆಲ್ಬಂ ಮಾರಾಟದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಅದಾದ ಮೇಲೆ ಆರು ದೊಡ್ಡ ಕಂಪನಿಗಳೂ ಅಮೆರಿಕದ ಊರೂರುಗಳ ಪಂಕ್ ಬಳಗಗಳಲ್ಲಿ ಬ್ಯಾಂಡುಗಳನ್ನು ಹುಡುಕುತ್ತ ಹೊರಟವು. ಈ ಹುಡುಕಾಟವೂ ಸ್ನೇಹದ ದಾರಿಯಲ್ಲೇ ನಡೆಯಿತೆಂಬುದನ್ನು ಗಮನಿಸಬೇಕು. ಕಂಪನಿಗಳು ಕಳಿಸುತ್ತಿದ್ದವರು ಅದೇ ಸಂಗೀತವನ್ನು ಕೇಳಿ ಬೆಳೆದ, ಅದೇ ವಯಸ್ಸಿನ ಜನ. ಬಳಗದ ಒಳಗಿನ ನಂಬಿಕೆ ಕಂಪನಿಗೆ ಸೋವಿಯ ಮಾರುಕಟ್ಟೆ ಸಮೀಕ್ಷೆಯಾಯಿತು: ಯಾವ ಬ್ಯಾಂಡಿಗೆ ಊರಿನವರು ತಲೆದೂಗಿದ್ದಾರೋ ಅದನ್ನು ಎತ್ತಿಕೊಂಡರೆ ಸಾಕು. ಹತ್ತು ವರ್ಷ ಯಾರದೋ ಬಿಟ್ಟಿ ದುಡಿಮೆಯಲ್ಲಿ ಸೋಸಿ ಬಂದ ಪ್ರತಿಭೆಯನ್ನು ಕೊನೆಯ ಹಂತದಲ್ಲಿ ಕೊಳ್ಳುವುದು ಕಂಪನಿಗೆ ಬಹಳ ಲಾಭದ ವ್ಯವಹಾರ.

ಕಂಪನಿ ಕೊಡುವ ಮುಂಗಡ ಹಣ ಉಡುಗೊರೆಯಲ್ಲ, ಸಾಲ. ಧ್ವನಿಮುದ್ರಣ, ವಿಡಿಯೋ, ಪ್ರವಾಸ, ಎಲ್ಲದರ ವೆಚ್ಚವೂ ಬ್ಯಾಂಡಿನ ರಾಯಲ್ಟಿಯಿಂದಲೇ ವಸೂಲಾಗಬೇಕು. ಧ್ವನಿಮುದ್ರಣಕಾರ ಸ್ಟೀವ್ ಆಲ್ಬಿನಿ 1993ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಕಾಲ್ಪನಿಕ ಬ್ಯಾಂಡಿನ ಲೆಕ್ಕವನ್ನು ಸಾಲು ಸಾಲಾಗಿ ಬರೆದು ತೋರಿಸಿದರು. ಎರಡೂವರೆ ಲಕ್ಷ ಡಾಲರ್ ಮುಂಗಡ, ಎರಡೂವರೆ ಲಕ್ಷ ಪ್ರತಿಗಳ ಮಾರಾಟ. ಕೊನೆಯಲ್ಲಿ ಕಂಪನಿಗೆ 7,10,000 ಡಾಲರ್, ಬ್ಯಾಂಡಿನ ಒಬ್ಬೊಬ್ಬ ಸದಸ್ಯನಿಗೆ 4,031 ಡಾಲರ್ 25 ಸೆಂಟ್. ಮೇಲೆ ಕಂಪನಿಗೆ ತೀರಿಸಬೇಕಾದ ಬಾಕಿ ಬೇರೆ. ಫುಗಾಜಿ 1993ರ ಆಲ್ಬಮನ್ನು ಮೊದಲು ಮುದ್ರಿಸಿದ್ದು ಶಿಕಾಗೋದಲ್ಲಿ ಇದೇ ಆಲ್ಬಿನಿಯವರ ಬಳಿ. ಅದು ಸರಿಬಾರದೆಂದು ಕೈಬಿಟ್ಟು ಮತ್ತೆ ಇನ್ನರ್ ಇಯರ್‌ನಲ್ಲಿ ಮುದ್ರಿಸಿದರು. ಆ ಲೆಕ್ಕ ಈ ಬಳಗದವರಿಗೆ ದೂರದ ಸುದ್ದಿಯಾಗಿರಲಿಲ್ಲ.

ಫುಗಾಜಿ ಬೇಡವೆನ್ನಬಲ್ಲದ್ದಾದದ್ದು ಹೇಗೆ? ಅದರ ಗಾಯಕ ಮತ್ತು ಗಿಟಾರ್ ವಾದಕ ಮಕಾಯ್ ಅವರೇ ಲೇಬಲ್‌ನ ಒಡೆಯರಲ್ಲೊಬ್ಬರು. ಬ್ಯಾಂಡಿಗೆ ಮ್ಯಾನೇಜರ್ ಇರಲಿಲ್ಲ. ಕಾರ್ಯಕ್ರಮಗಳನ್ನು ಗೊತ್ತುಮಾಡುವ ಕೆಲಸವನ್ನು ಮಕಾಯ್ ಅವರೇ ಮಾಡುತ್ತಿದ್ದರು. ಟಿ-ಶರ್ಟು ಮೊದಲಾದ ಸರಕು ಮಾರುತ್ತಿರಲಿಲ್ಲ. ಪ್ರವೇಶದರ ಬಹುಮಟ್ಟಿಗೆ 5 ಡಾಲರ್, ಎಲ್ಲ ವಯಸ್ಸಿನವರಿಗೂ ಪ್ರವೇಶ. 1987ರಿಂದ 2002ರವರೆಗೆ ಅವರು ಸಾವಿರಕ್ಕೂ ಹೆಚ್ಚು ಕಾರ್ಯಕ್ರಮಗಳನ್ನು ಕೊಟ್ಟರು. ಸಾವಿರ ಜನ ಬಂದ ಒಂದು ರಾತ್ರಿಯೆಂದರೆ 5,000 ಡಾಲರ್. ಅದರಲ್ಲಿ ಮ್ಯಾನೇಜರ್, ಏಜೆಂಟರ ಪಾಲೆಂದು ಹೋಗುವುದು ಏನೂ ಇಲ್ಲ, ತೀರಿಸಬೇಕಾದ ಸಾಲವೂ ಇಲ್ಲ. ಐದು ಡಾಲರಿನ ದರವನ್ನು ತ್ಯಾಗವೆಂದು ಬಣ್ಣಿಸುವುದಕ್ಕಿಂತ ಒಂದು ಪೂರ್ತಿ ವೆಚ್ಚವ್ಯವಸ್ಥೆಯ ತುದಿಯೆಂದು ನೋಡುವುದು ಸರಿ. ಖರ್ಚು ಅಷ್ಟು ಕಡಿಮೆಯಿದ್ದುದರಿಂದಲೇ ಆ ದರ ನಿಂತಿತು. ಆ ದರದಿಂದಾಗಿ ಜನ ಬಂದರು. ಜನ ಬಂದದ್ದರಿಂದ ಜಾಹೀರಾತಿನ ಅಗತ್ಯ ಬೀಳಲಿಲ್ಲ. 1993ರ ಆಲ್ಬಂ ದೊಡ್ಡ ಕಂಪನಿಯ ನೆರವಿಲ್ಲದೆ ಬಿಲ್‌ಬೋರ್ಡಿನ ಮೊದಲ 200ರ ಪಟ್ಟಿಯನ್ನು ಹೊಕ್ಕಿತು.

ಜಾಬಾಕ್ಸ್ ಸ್ಥಿತಿ ಬೇರೆ. 1989ರಲ್ಲಿ ಗವರ್ನಮೆಂಟ್ ಇಶ್ಯೂ ಎಂಬ ಹಳೆಯ ಬ್ಯಾಂಡು ಮುರಿದ ಮೇಲೆ ಅದರ ಬಾಸ್ ವಾದಕ ಜೆ. ರಾಬಿನ್ಸ್, ಕಿಮ್ ಕೊಲೆಟ್ಟಾ ಮತ್ತು ಡ್ರಮ್ ವಾದಕ ಆಡಂ ವೇಡ್ ಕಟ್ಟಿದ ಬ್ಯಾಂಡದು. ಡಿಸ್ಕಾರ್ಡ್‌ನಿಂದ 1991 ಮತ್ತು 1992ರಲ್ಲಿ ಎರಡು ಆಲ್ಬಂ ಬಂದವು. ವೇಡ್ ಅಲ್ಲಿಂದ ಹೊರಟು ಶಡರ್ ಟು ಥಿಂಕ್ ಸೇರಿದರು. ಬಳಗದೊಳಗೆ ಬ್ಯಾಂಡಿನಿಂದ ಬ್ಯಾಂಡಿಗೆ ಹೀಗೆ ಜನ ಓಡಾಡುತ್ತಿದ್ದರು. ಇವರ ಕಾರ್ಯಕ್ರಮಗಳಿಗೆ ಫುಗಾಜಿಗೆ ಸೇರುವಷ್ಟು ಜನ ಸೇರುತ್ತಿರಲಿಲ್ಲ, ಲೇಬಲ್‌ನ ಒಡೆತನವೂ ಇವರದಲ್ಲ. ಅಗ್ಗದ ದರದ ಲೆಕ್ಕ ಸಾವಿರ ಜನ ಬಂದಾಗ ಚೆನ್ನಾಗಿ ಕೂಡುತ್ತದೆ. ನೂರೈವತ್ತು ಜನ ಬಂದಾಗ ಪೆಟ್ರೋಲಿಗೂ ಸಾಲದು. ಮೂವತ್ತನ್ನು ಸಮೀಪಿಸುತ್ತಿರುವ ಸಂಗೀತಗಾರ ಹಗಲಿನ ನೌಕರಿ ಬಿಟ್ಟು ಸಂಗೀತವೊಂದನ್ನೇ ನೆಚ್ಚಬೇಕೆಂದರೆ, ಸ್ಟುಡಿಯೋದಲ್ಲಿ ಅವಸರವಿಲ್ಲದೆ ಕೂರಬೇಕೆಂದರೆ, ಆ ಹಣವನ್ನು ಕೊಡಬಲ್ಲವರು ಆಗ ದೊಡ್ಡ ಕಂಪನಿಗಳೇ. ಫುಗಾಜಿಗೆ ಇದ್ದ ಆಯ್ಕೆ ಜಾಬಾಕ್ಸ್‌ಗೆ ಇತ್ತೆಂದು ಭಾವಿಸಿ ನೀಡಿದ ತೀರ್ಪೆಲ್ಲ ಅನ್ಯಾಯದ್ದು.

ಹೋದವರ ಮುಂದಿನ ದಾರಿ

ಅಟ್ಲಾಂಟಿಕ್‌ಗಾಗಿ ಮಾಡಿದ ಆಲ್ಬಂ ಜಾಬಾಕ್ಸ್‌ನ ಅತ್ಯುತ್ತಮ ಕೃತಿ ಎಂಬುದು ಅನೇಕರ ಅಭಿಪ್ರಾಯ, ನನ್ನದೂ ಅದೇ. ಒಂದು ಹಾಡು ಎಂ.ಟಿ.ವಿ.ಯಲ್ಲಿ ಬಂತು. ಕಂಪನಿ ನಿರೀಕ್ಷಿಸಿದ ಪ್ರಮಾಣದ ಮಾರಾಟ ಬರಲಿಲ್ಲ. 1996ರ ಆಲ್ಬಮನ್ನು ಅಟ್ಲಾಂಟಿಕ್‌ನ ಉಪಲೇಬಲ್ ಒಂದರಿಂದ ತಂದು, 1997ರಲ್ಲಿ ಬ್ಯಾಂಡು ಚದುರಿತು. ಶಡರ್ ಟು ಥಿಂಕ್ ಎಪಿಕ್‌ಗೆ ಎರಡು ಆಲ್ಬಂ ಕೊಟ್ಟು, ಸಿನಿಮಾ ಸಂಗೀತಕ್ಕೆ ಹೊರಳಿ, 1998ರಲ್ಲಿ ನಿಂತಿತು.

ಇದಕ್ಕಿಂತ ಮುಖ್ಯವಾದದ್ದು ಆಮೇಲೆ ನಡೆದದ್ದು. ಜಾಬಾಕ್ಸ್‌ನ ಕೊಲೆಟ್ಟಾ ಮತ್ತು ಬಿಲ್ ಬಾರ್ಬಟ್ ಡಿಸೋಟೊ ಎಂಬ ಸಣ್ಣ ಲೇಬಲ್ ನಡೆಸುತ್ತಿದ್ದರು. ರಾಬಿನ್ಸ್ ಧ್ವನಿಮುದ್ರಣಕಾರರಾಗಿ ಹೆಸರಾದರು. ವಾಷಿಂಗ್ಟನ್ನಿನ ಡಿಸ್‌ಮೆಂಬರ್‌ಮೆಂಟ್ ಪ್ಲಾನ್ ಎಂಬ ಬ್ಯಾಂಡು ಇಂಟರ್‌ಸ್ಕೋಪ್ ಕಂಪನಿಯ ಹಣದಲ್ಲಿ, ರಾಬಿನ್ಸ್ ಅವರ ನಿರ್ಮಾಣದಲ್ಲಿ ಒಂದು ಆಲ್ಬಂ ಮುದ್ರಿಸಿತು. ಅಷ್ಟರಲ್ಲಿ ಸೀಗ್ರಾಂ ಸಮೂಹ 1998ರಲ್ಲಿ ಪಾಲಿಗ್ರಾಂ ಕಂಪನಿಯನ್ನು ಕೊಂಡು ಯೂನಿವರ್ಸಲ್‌ನೊಂದಿಗೆ ಕೂಡಿಸಿತು. ಆ ವಿಲೀನದ ಭರದಲ್ಲಿ ಅನೇಕ ಬ್ಯಾಂಡುಗಳನ್ನು ಕೈಬಿಡಲಾಯಿತು, ಇದೂ ಅವುಗಳಲ್ಲೊಂದು. ಮುದ್ರಿತವಾಗಿದ್ದ ಆಲ್ಬಂ ಬ್ಯಾಂಡಿನ ಕೈಗೆ ಬಂತು. 1999ರಲ್ಲಿ ಡಿಸೋಟೊ ಅದನ್ನು ಬಿಡುಗಡೆ ಮಾಡಿತು. ದೊಡ್ಡ ಬಂಡವಾಳ ಖರ್ಚು ಮಾಡಿ ಎಸೆದುದನ್ನು ಗೆಳೆಯರ ಬಳಗ ಎತ್ತಿಕೊಂಡಿತು. 2009ರಲ್ಲಿ ಜಾಬಾಕ್ಸ್‌ನ ಅಟ್ಲಾಂಟಿಕ್ ಆಲ್ಬಂ ಸಹ ಮರುಬಿಡುಗಡೆಯಾಯಿತು. ಹೊರತಂದವು ಡಿಸೋಟೊ ಮತ್ತು ಡಿಸ್ಕಾರ್ಡ್ ಜೊತೆಯಾಗಿ. ಹದಿನೈದು ವರ್ಷದ ಹಿಂದೆ ಕರಾರು ಮುರಿದು, ವಕೀಲರನ್ನಿಟ್ಟು, ಪರಿಹಾರ ಕೇಳಿ ಬೇರ್ಪಟ್ಟಿದ್ದರೆ ಇದು ಸಾಧ್ಯವಾಗುತ್ತಿತ್ತೇ ಎಂಬುದು ನನ್ನ ಅನುಮಾನ. ಹೋಗಲು ಬಿಡುವ ಒಪ್ಪಂದ ಮರಳಿ ಬರುವ ಬಾಗಿಲನ್ನೂ ತೆರೆದಿಟ್ಟಿತ್ತು.

ಬಳಗದ ಎಲ್ಲೆ

ಇಷ್ಟನ್ನು ಹೇಳಿ ನಿಲ್ಲಿಸಿದರೆ ಪ್ರಕರಣ ಅರ್ಧವಾದೀತು. ಸ್ನೇಹವೇ ಬಂಡವಾಳವಾದಾಗ, ಯಾರು ಯಾರ ಸ್ನೇಹಿತರಾಗಬಲ್ಲರು ಎಂಬುದು ಆರ್ಥಿಕ ಪ್ರಶ್ನೆಯಾಗುತ್ತದೆ. 1980ರ ವಾಷಿಂಗ್ಟನ್ ಕಪ್ಪು ಜನರೇ ಬಹುಸಂಖ್ಯಾತರಾಗಿದ್ದ ನಗರ. ಡಿಸ್ಕಾರ್ಡ್ ಬಳಗ ಮುಖ್ಯವಾಗಿ ನಗರದ ಬಿಳಿಯರ ಬಡಾವಣೆಗಳ, ಓದುಬರಹದ ಮನೆತನಗಳ ಮಕ್ಕಳದು. ಮಕಾಯ್ ಅವರ ತಂದೆ ಪತ್ರಕರ್ತರು. ತಾಲೀಮಿಗೆ ನೆಲಮಾಳಿಗೆ, ಕಚೇರಿಗೆ ವಿಳಾಸ, ಸೋತರೆ ಮರಳಲು ಮನೆ, ಇವು ಆ ಹುಡುಗರಲ್ಲಿ ಅನೇಕರಿಗೆ ಹುಟ್ಟಿನಿಂದ ಬಂದವು.

ಅದೇ ನಗರದಲ್ಲಿ ಅದೇ ವರ್ಷಗಳಲ್ಲಿ ಗೋ-ಗೋ ಎಂಬ ಇನ್ನೊಂದು ಸ್ವತಂತ್ರ ಸಂಗೀತ ಲೋಕ ಬೆಳೆದಿತ್ತು. ಚಕ್ ಬ್ರೌನ್, ಟ್ರಬಲ್ ಫಂಕ್ ಮೊದಲಾದವರು ಕಟ್ಟಿದ, ಕಪ್ಪು ಜನರ ನೆರೆಹೊರೆಗಳಲ್ಲಿ ಬೇರೂರಿದ ಸಂಗೀತ ಅದು. ಧ್ವನಿ ಮಿಶ್ರಣದ ಯಂತ್ರದಿಂದ ನೇರವಾಗಿ ಮುದ್ರಿಸಿಕೊಂಡ ಕಾರ್ಯಕ್ರಮಗಳ ಕ್ಯಾಸೆಟ್‌ಗಳನ್ನು ಬೀದಿಯಲ್ಲಿ ಮಾರುವ, ಯಾವ ಕಂಪನಿಯನ್ನೂ ನೆಚ್ಚದ ಆರ್ಥಿಕತೆ ಅದಕ್ಕಿತ್ತು. ಸ್ವಾವಲಂಬನೆಯ ಮಾತು ಬಂದಾಗ ಪಂಕ್ ಹುಡುಗರ ಹೆಸರು ಮೊದಲು ನೆನಪಾಗುವುದು, ಗೋ-ಗೋ ನೆನಪಾಗದಿರುವುದು, ಇತಿಹಾಸ ಬರೆಯುವವರ ಬಳಗವೂ ಎಲ್ಲಿಯದು ಎಂಬುದನ್ನು ತೋರಿಸುತ್ತದೆ. 1983ರ ಸೆಪ್ಟೆಂಬರ್ 23ರಂದು ಲ್ಯಾನ್ಸ್‌ಬರ್ಗ್ ಕಟ್ಟಡದಲ್ಲಿ ಮೈನರ್ ಥ್ರೆಟ್ ಮತ್ತು ಟ್ರಬಲ್ ಫಂಕ್ ಒಂದೇ ವೇದಿಕೆಯಲ್ಲಿ ನುಡಿಸಿದವು. ಅದು ಮೈನರ್ ಥ್ರೆಟ್‌ನ ಕೊನೆಯ ಕಾರ್ಯಕ್ರಮ. ಆದರೆ ಎರಡು ಲೋಕಗಳ ನಡುವೆ ಲೇಬಲ್, ಸ್ಟುಡಿಯೋ, ವಿತರಣೆಗಳ ಗಟ್ಟಿ ಕೊಂಡಿ ಬೆಳೆಯಲಿಲ್ಲ. ಈ ಬಳಗಕ್ಕೆ ವೇಗವಾಗಿ ನುಡಿಸುವುದನ್ನು ಕಲಿಸಿದ ಬ್ಯಾಡ್ ಬ್ರೇನ್ಸ್ ಎಂಬ ಬ್ಯಾಂಡಿನ ನಾಲ್ವರೂ ಕಪ್ಪು ಸಂಗೀತಗಾರರು. ಊರಿನಲ್ಲಿ ನುಡಿಸಲು ಜಾಗ ಸಿಗದೆ ಅವರು 1981ರ ಹೊತ್ತಿಗೆ ನ್ಯೂಯಾರ್ಕ್ ಸೇರಿದರು.

ಹೆಣ್ಣುಮಕ್ಕಳ ಮಟ್ಟಿಗೂ ಎಲ್ಲೆ ಹೀಗೆಯೇ ಕಾಣದಂತೆ ಎಳೆದುಕೊಂಡಿತ್ತು. 1981ರಿಂದ 1983ರವರೆಗೆ ನುಡಿಸಿದ ಚಾಕ್ ಸರ್ಕಲ್ ಎಂಬ ಹುಡುಗಿಯರ ಬ್ಯಾಂಡಿನ ಮುದ್ರಿಕೆ ಆ ಕಾಲದಲ್ಲಿ ಡಿಸ್ಕಾರ್ಡ್‌ನಿಂದ ಬರಲೇ ಇಲ್ಲ. ಅವರ ಹಾಡುಗಳು ಆಲ್ಬಂ ಆಗಿ ಬಂದದ್ದು 2011ರಲ್ಲಿ, ಬೇರೆ ಲೇಬಲ್‌ಗಳಿಂದ. ಅವರನ್ನು ಯಾರೂ ತಿರಸ್ಕರಿಸುವ ಅಗತ್ಯವೇ ಬೀಳಲಿಲ್ಲವೆಂಬುದು ಇಲ್ಲಿನ ಸಂಕಟ. ಅರ್ಜಿ ಹಾಕುವ ಕಚೇರಿಯಿದ್ದರೆ ತಿರಸ್ಕಾರಕ್ಕೆ ಕಾರಣ ಕೇಳಬಹುದು. ಗೆಳೆಯರು ಗೆಳೆಯರ ಮುದ್ರಿಕೆಯನ್ನು ತರುವ ಜಾಗದಲ್ಲಿ ಹೊರಗುಳಿದವರಿಗೆ ಕೇಳಲು ಪ್ರಶ್ನೆಯೂ ಸಿಗುವುದಿಲ್ಲ.

ಇದಕ್ಕೆ ಅತ್ಯಂತ ಪ್ರಯೋಜನಕಾರಿಯಾದ ಉತ್ತರ ಬಂದದ್ದು ಇಬ್ಬರು ಮಹಿಳೆಯರಿಂದ. ಆರ್ಲಿಂಗ್ಟನ್ನಿನಲ್ಲಿ 1990ರಲ್ಲಿ ಶುರುವಾದ ಸಿಂಪಲ್ ಮಶೀನ್ಸ್ ಎಂಬ ಲೇಬಲನ್ನು ನಡೆಸುತ್ತಿದ್ದ ಜೆನ್ನಿ ಟೂಮಿ ಮತ್ತು ಕ್ರಿಸ್ಟಿನ್ ಥಾಮ್ಸನ್, ಮುದ್ರಿಕೆ ಹೊರತರುವುದು ಹೇಗೆಂಬ ಒಂದು ಚಿಕ್ಕ ಕೈಪಿಡಿ ಬರೆದರು. ಮಾಸ್ಟರಿಂಗ್ ಎಂದರೇನು, ಒತ್ತುವ ಕಾರ್ಖಾನೆಗಳು ಎಲ್ಲಿವೆ, ಎಷ್ಟು ಪ್ರತಿಗೆ ಎಷ್ಟು ಖರ್ಚು, ಲಕೋಟೆಯನ್ನು ಎಲ್ಲಿ ಅಚ್ಚು ಹಾಕಿಸಬೇಕು, ವಿತರಕರೊಂದಿಗೆ ವ್ಯವಹರಿಸುವುದು ಹೇಗೆ, ಇವೆಲ್ಲ ಅಲ್ಲಿದ್ದವು. ಅದುವರೆಗೆ ಇವನ್ನು ತಿಳಿಯಬೇಕಾದರೆ ತಿಳಿದವನ ಗೆಳೆತನ ಬೇಕಿತ್ತು. ಅಂಚೆಯಲ್ಲಿ ಬರೆದು ತರಿಸಿಕೊಂಡವರಿಗೆಲ್ಲ ಆ ಕೈಪಿಡಿ ಸಿಗತೊಡಗಿದಾಗ, ವಾಷಿಂಗ್ಟನ್ನಿನಲ್ಲಿ ಯಾರನ್ನೂ ಅರಿಯದ ದೂರದ ಊರಿನ ಹುಡುಗಿಯೂ ಮುದ್ರಿಕೆ ತರಬಲ್ಲವಳಾದಳು. ಡಿಸ್ಕಾರ್ಡ್ ಕೂಡ ಊರಿನ ಸಣ್ಣ ಲೇಬಲ್‌ಗಳೊಂದಿಗೆ ಜಂಟಿಯಾಗಿ ಮುದ್ರಿಕೆ ಒತ್ತಿಸಿ, ತನ್ನ ವಿತರಣೆಯನ್ನು ಅವರಿಗೂ ಒದಗಿಸುವ ಕ್ರಮವನ್ನು ಇಟ್ಟುಕೊಂಡಿತು. ತನ್ನ ಸುತ್ತಲಿನ ಬೇಲಿಯನ್ನು ತಗ್ಗಿಸಲು ಅದು ಮಾಡಿದ ಕೆಲಸಗಳಲ್ಲಿ ನಾನು ಇದನ್ನು ಮುಖ್ಯವೆಂದು ಎಣಿಸುತ್ತೇನೆ.

ಸಿಂಪಲ್ ಮಶೀನ್ಸ್ 1998ರಲ್ಲಿ ಬಾಗಿಲು ಹಾಕಿತು. 2000ದಲ್ಲಿ ಟೂಮಿ ಇತರರೊಂದಿಗೆ ಸೇರಿ ಫ್ಯೂಚರ್ ಆಫ್ ಮ್ಯೂಸಿಕ್ ಕೊಯಲಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಥಾಮ್ಸನ್ ಕೂಡ ಅಲ್ಲಿ ದುಡಿದರು. ಅದು ಮುದ್ರಿಕೆ ತರುವ ಸಂಸ್ಥೆಯಲ್ಲ. ರೇಡಿಯೋ ಕೇಂದ್ರಗಳ ಒಡೆತನ ಕೆಲವೇ ಕಂಪನಿಗಳ ಕೈಸೇರುವುದು, ಅಂತರಜಾಲದ ಪ್ರಸಾರಕ್ಕೆ ಸಂಗೀತಗಾರರಿಗೆ ಸಲ್ಲಬೇಕಾದ ರಾಯಲ್ಟಿ, ಸಂಗೀತಗಾರರ ಆರೋಗ್ಯ ವಿಮೆ ಇಂಥ ವಿಷಯಗಳನ್ನು ಎತ್ತಿಕೊಂಡು ಅಮೆರಿಕದ ಕಾಂಗ್ರೆಸ್ಸು ಮತ್ತು ಸಂಪರ್ಕ ಆಯೋಗದ ಮುಂದೆ ವಾದಿಸುವುದು ಅದರ ಕೆಲಸವಾಯಿತು. ಲಕೋಟೆ ಮಡಚುವ ಕೈಗಳಿಂದ ಆಗದ ಕೆಲಸ ಅದು. ಗೆಳೆಯರು ಸಾಲ ಕೊಡಬಹುದು, ಮಲಗಲು ಜಾಗ ಕೊಡಬಹುದು, ಮುದ್ರಿಕೆ ಒತ್ತಿಸಬಹುದು. 1996ರ ದೂರಸಂಪರ್ಕ ಕಾಯ್ದೆಯ ನಂತರ ಒಂದೇ ಕಂಪನಿ ನೂರಾರು ರೇಡಿಯೋ ಕೇಂದ್ರಗಳನ್ನು ಕೊಳ್ಳುವುದನ್ನು ತಡೆಯಲು ಅವರಿಗೆ ಶಾಸನಸಭೆಯ ಮೆಟ್ಟಿಲನ್ನೇ ಹತ್ತಬೇಕಾಯಿತು.